ಹಳೆಯ ಕಾರುಗಳಲ್ಲಿ ದೂರನಿಯಂತ್ರಿತ ಎಂಜಿನ್ ತಡೆ

ದೂರನಿಯಂತ್ರಿತ ಎಂಜಿನ್ ತಡೆ ಎಂಬುದು ಕಾರಿನ ಕಳ್ಳತನವನ್ನು ತಪ್ಪಿಸುವ ಸಲುವಾಗಿ ಮಾಡುವ ಒಂದು ವಿದ್ಯುತ್ ಜೋಡಣೆ. ಎಂಜಿನ್ ಚಾಲನೆಗೆ ಅಗತ್ಯವಾದ ವಿದ್ಯುತ್ ಮಾರ್ಗವನ್ನು ರಿಲೇಯೊಂದರಿಂದ ಕಡಿದಿಟ್ಟು, ಮಾಲೀಕರು ತಮ್ಮಲ್ಲಿರುವ ರಿಮೋಟನ್ನು ಒತ್ತಿದಾಗ ಮಾತ್ರ ಅದನ್ನು ಕೂಡಿಸಲಾಗುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಂತಹ ಎಲೆಕ್ಟ್ರಾನಿಕ್ ತಡೆ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ವಿನ್ಯಾಸದ ಅಂಬಾಸಡರ್, ಜನರು ಫಿಯೆಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮುಂತಾದ ಕಾರುಗಳಲ್ಲಿ ಇಂತಹ ರಕ್ಷಣೆ ಇರಲಿಲ್ಲ. ಆದುದರಿಂದ ಇವುಗಳಿಗೆ ತಡೆಯನ್ನು ಹೊರಗಿನಿಂದಲೇ ಅಳವಡಿಸಬೇಕಾಗುತ್ತದೆ. ಇಲ್ಲಿ ಉಪಕರಣದ ಬೆಲೆಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ತಂತಿಯನ್ನು ಎಲ್ಲಿ ಕಡಿಯಬೇಕು, ಮತ್ತು ಉಪಕರಣವೇ ಕೆಟ್ಟರೆ ಕಾರು ಏನಾಗಬೇಕು.

ಹಿನ್ನೆಲೆ

ಎಂಜಿನ್ನನ್ನು ನಿಷ್ಕ್ರಿಯಗೊಳಿಸಿ ಹೋಗುವ ರೂಢಿ ರಿಮೋಟಿಗಿಂತ ಬಹಳ ಹಳೆಯದು. 1940ರಲ್ಲಿ ಜರ್ಮನಿಯ ದಾಳಿಯ ಭೀತಿಯಲ್ಲಿದ್ದ ಬ್ರಿಟನ್, ನಿಲ್ಲಿಸಿಟ್ಟ ವಾಹನವನ್ನು ಶತ್ರುವು ಬಳಸಲಾಗದಂತೆ ಮಾಡಿಯೇ ಹೋಗಬೇಕೆಂದು ಆಜ್ಞೆ ಹೊರಡಿಸಿತು. ಅನೇಕರು ಡಿಸ್ಟ್ರಿಬ್ಯೂಟರಿನ ಒಳಗಿರುವ ರೋಟರ್ ಎಂಬ ಪುಟ್ಟ ಭಾಗವನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರಿಗೆ ಕಾಸು ಖರ್ಚಿಲ್ಲದ ಈ ಉಪಾಯ ಇಂದಿಗೂ ಸಾಕು. ದಿನನಿತ್ಯ ಓಡಾಡುವ ಕಾರಿಗೆ ಮಾತ್ರ ರಿಮೋಟಿನ ಅನುಕೂಲ ಬೇಕೆನಿಸುತ್ತದೆ.

ಕಿಡಿ ಹುಟ್ಟುವ ಬಗೆ

ಹಳೆಯ ಪೆಟ್ರೋಲ್ ಕಾರುಗಳ ಇಗ್ನಿಷನ್ ವ್ಯವಸ್ಥೆಯು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ ಪದ್ಧತಿಯನ್ನೇ ಅನುಸರಿಸುತ್ತದೆ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕೀಲಿಯ ಸ್ವಿಚ್ಚಿನ ಮೂಲಕ ಕಾಯಿಲ್‌ಗೆ ಬರುತ್ತದೆ. ಅಲ್ಲಿಂದ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಮೂಲಕ ಕಾರಿನ ಲೋಹದ ಒಡಲಿಗೆ ಸೇರುತ್ತದೆ. ಎಂಜಿನ್ ತಿರುಗುವಾಗ ಪಾಯಿಂಟುಗಳು ಕೂಡಿ ಅಗಲುತ್ತಿರುತ್ತವೆ. ಅಗಲಿದ ಕ್ಷಣದಲ್ಲಿ ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಇಡೀ ಎಂಜಿನ್ ಹೀಗೆ ಒಂದೇ ತೆಳ್ಳನೆಯ ತಂತಿಯನ್ನು ನಂಬಿಕೊಂಡಿದೆ. ಮೆಕ್ಯಾನಿಕ್‌ಗೆ ಇದು ಅನುಕೂಲ. ದುರದೃಷ್ಟವಶಾತ್ ಕಳ್ಳನಿಗೂ ಅನುಕೂಲ.

ತಂತಿಯನ್ನು ಎಲ್ಲಿ ಕಡಿಯಬೇಕು

ಸ್ಟಾರ್ಟರ್ ಮೋಟಾರಿನ ಮಾರ್ಗವನ್ನು ಕಡಿಯುವುದು ಸುಲಭವೆಂದು ಹಲವರು ಅದನ್ನೇ ಆರಿಸಿಕೊಳ್ಳುತ್ತಾರೆ. ಹೊಸ ಕಾರುಗಳ ಮಟ್ಟಿಗೆ ಇದು ಸರಿಯಿರಬಹುದು. ಆದರೆ ಹಳೆಯ ಕಾರನ್ನು ನಾಲ್ಕು ಜನ ತಳ್ಳಿ, ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಸ್ಟಾರ್ಟರಿನ ಹಂಗಿಲ್ಲದೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸುವ ಸೌಕರ್ಯವುಳ್ಳ ಕಾರುಗಳಿಗಂತೂ ತಳ್ಳುವ ಜನರೂ ಬೇಕಿಲ್ಲ. ಪೆಟ್ರೋಲ್ ಪಂಪಿನ ವಿದ್ಯುತ್ತನ್ನು ಕಡಿಯುವ ವಿಧಾನವೂ ಇವುಗಳಲ್ಲಿ ಬಹುಮಟ್ಟಿಗೆ ನಿರುಪಯೋಗಿ. ಏಕೆಂದರೆ ಪಂಪು ಎಂಜಿನ್ನಿನ ಬಲದಿಂದಲೇ ನಡೆಯುವ ಯಾಂತ್ರಿಕ ಪಂಪು. ಅದಕ್ಕೆ ವಿದ್ಯುತ್ತೇ ಇಲ್ಲ.

ಉಳಿಯುವುದು ಕಾಯಿಲ್ ಮಾರ್ಗ. ಕೀಲಿ ಮತ್ತು ಕಾಯಿಲಿನ ನಡುವೆ ಕಡಿದರೆ ಕೆಲಸ ಅಚ್ಚುಕಟ್ಟು. ಆದರೆ ಬಾನೆಟ್ ತೆರೆಯಬಲ್ಲವನು ಬ್ಯಾಟರಿಯಿಂದ ನೇರವಾಗಿ ಕಾಯಿಲ್‌ಗೆ ವಿದ್ಯುತ್ತು ಕೊಟ್ಟರೆ ಆ ತಡೆ ವ್ಯರ್ಥ. ಕಾಯಿಲ್ ಮತ್ತು ಪಾಯಿಂಟುಗಳ ನಡುವಣ ತಂತಿಯಲ್ಲಿ ತಡೆಯಿದ್ದರೆ ಈ ಉಪಾಯ ನಡೆಯುವುದಿಲ್ಲ. ಕೆಲವರು ಅದೇ ತಂತಿಯನ್ನು ಗುಟ್ಟಾಗಿ ಒಡಲಿಗೆ ತಗುಲಿಸಿ ಕಿಡಿ ನಿಲ್ಲಿಸುತ್ತಾರೆ. ಇದು ಅಪಾಯಕಾರಿ. ಕಾಯಿಲಿನ ರೋಧ 3 ಓಮ್ ಎಂದಿಟ್ಟುಕೊಂಡರೆ ಕೀಲಿ ತಿರುಗಿಸಿದಷ್ಟು ಹೊತ್ತೂ ಅದರಲ್ಲಿ 4 ಆಂಪಿಯರ್ ಹರಿದು 48 ವಾಟ್ ಶಾಖವಾಗುತ್ತದೆ. ಕಳ್ಳ ಸೋತು ಹೋದರೂ ಬೆಳಗ್ಗೆ ಮಾಲೀಕರಿಗೆ ಸಿಗುವುದು ಸುಟ್ಟ ಕಾಯಿಲ್.

ಅಂಬಾಸಡರಿನ ಡೀಸೆಲ್ ಮಾದರಿಗಳಿಗೆ ಇದಾವುದೂ ಅನ್ವಯಿಸದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಅದನ್ನು ನಿಲ್ಲಿಸಬೇಕಾದರೆ ಇಂಧನವನ್ನೇ ನಿಲ್ಲಿಸಬೇಕು. ಹಳೆಯವುಗಳಲ್ಲಿ ಎಳೆದು ನಿಲ್ಲಿಸುವ ಕೇಬಲ್ ಇರುತ್ತಿತ್ತು.

ರಿಲೇ ಮತ್ತು ಪಂಪ್‌ಸೆಟ್ಟಿನ ಪಾಠ

ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಂತಹ, ಕಬ್ಬು ಬೆಳೆಯುವ ಊರುಗಳಲ್ಲಿ ರಿಲೇಯ ತತ್ತ್ವವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ; ಪ್ರತಿ ಕೊಳವೆ ಬಾವಿಯ ಪಕ್ಕದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅದು ಇದ್ದೇ ಇದೆ. ಹಸಿರು ಗುಂಡಿ ಒತ್ತಿದಾಗ ಸಣ್ಣ ವಿದ್ಯುತ್ತು ಒಂದು ಸುರುಳಿಯನ್ನು ಅಯಸ್ಕಾಂತವಾಗಿಸಿ ಮೋಟಾರಿನ ದೊಡ್ಡ ಸಂಪರ್ಕವನ್ನು ಎಳೆದು ಕೂಡಿಸುತ್ತದೆ. ಕೈ ತೆಗೆದರೂ ಮೋಟಾರು ನಿಲ್ಲುವುದಿಲ್ಲ, ಏಕೆಂದರೆ ಕೂಡಿಕೊಂಡ ಸಂಪರ್ಕವೇ ಸುರುಳಿಗೆ ವಿದ್ಯುತ್ತನ್ನು ಕೊಡುತ್ತಿರುತ್ತದೆ. ಕರೆಂಟು ಹೋಗಿ ಮರಳಿ ಬಂದರೆ ಮೋಟಾರು ತಾನಾಗಿ ಹೊರಡುವುದಿಲ್ಲ. ಮತ್ತೆ ಗುಂಡಿ ಒತ್ತಬೇಕು. ಮನೆಯಿಂದಲೇ ಮೊಬೈಲ್ ಕರೆ ಮಾಡಿ ಪಂಪು ಹಚ್ಚುವ ಸಾಧನಗಳು ಈ ಗುಂಡಿಯ ಕೆಲಸವನ್ನಷ್ಟೇ ದೂರದಿಂದ ಮಾಡುತ್ತವೆ.

ಕಾರಿನ ತಡೆಗೂ ಇದೇ ಮಾದರಿ ಉತ್ತಮ. ಮಾರುಕಟ್ಟೆಯಲ್ಲಿ ಸಿಗುವ ಕಾರಿನ ರಿಲೇಯಲ್ಲಿ 30, 85, 86, 87 ಎಂಬ ಅಂಕೆಗಳ ಕಾಲುಗಳಿರುತ್ತವೆ. ಐದು ಕಾಲಿನದರಲ್ಲಿ 87ಎ ಎಂಬುದೂ ಇರುತ್ತದೆ. 85 ಮತ್ತು 86 ಸುರುಳಿಯ ತುದಿಗಳು. ಸುರುಳಿಗೆ ವಿದ್ಯುತ್ತು ಬಂದಾಗ 30 ಮತ್ತು 87 ಕೂಡುತ್ತವೆ. ಬಾರದಿದ್ದಾಗ 30 ಮತ್ತು 87ಎ ಕೂಡಿರುತ್ತವೆ. ಕೀಲಿಯಿಂದ ಬರುವ ತಂತಿಯನ್ನು 30ಕ್ಕೂ, ಕಾಯಿಲ್‌ಗೆ ಹೋಗುವುದನ್ನು 87ಕ್ಕೂ, 85ನ್ನು ಒಡಲಿಗೂ ಸೇರಿಸಬೇಕು. ರಿಮೋಟಿನ ಗ್ರಾಹಕವು ಒತ್ತಿದ ಕ್ಷಣಕ್ಕೆ ಮಾತ್ರ 86ಕ್ಕೆ ವಿದ್ಯುತ್ತು ಕೊಡಬೇಕು. ಇದರ ಜೊತೆಗೆ 87ರಿಂದ 86ಕ್ಕೆ ಒಂದು ಡಯೋಡ್ ಮೂಲಕ ತಂತಿ ಎಳೆದರೆ ರಿಲೇ ಒಮ್ಮೆ ಕೂಡಿದ ಮೇಲೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕೀಲಿ ತೆಗೆದಾಗ ಬಿಟ್ಟುಕೊಡುತ್ತದೆ. ಮುಂದಿನ ಬಾರಿ ಮತ್ತೆ ರಿಮೋಟ್ ಒತ್ತಲೇಬೇಕು. ಗ್ರಾಹಕಕ್ಕೂ ಕೀಲಿಯ ನಂತರದ ತಂತಿಯಿಂದಲೇ ವಿದ್ಯುತ್ತು ಕೊಟ್ಟರೆ ಕಾರು ನಿಂತಿರುವಾಗ ಬ್ಯಾಟರಿ ಕರಗುವುದಿಲ್ಲ. ಸದಾ ಎಚ್ಚರವಾಗಿರುವ ಗ್ರಾಹಕ 10 ಮಿಲಿಆಂಪಿಯರ್ ಮಾತ್ರ ಎಳೆದರೂ ತಿಂಗಳಿಗೆ 7 ಆಂಪಿಯರ್-ಗಂಟೆಗೂ ಮಿಕ್ಕಿ ಖರ್ಚಾಗುತ್ತದೆ.

ಕಾಯಿಲ್ ಮುಂದಿನ ಈ ಜೋಡಣೆಯನ್ನು ಬಾನೆಟ್ ತೆರೆದವನು ದಾಟಬಲ್ಲನೆಂಬುದು ಮೇಲೆಯೇ ಬಂದಿದೆ. ಆದಕಾರಣ ಬಾನೆಟ್ಟಿಗೊಂದು ಬೀಗ ಅಥವಾ ಸ್ಟೀರಿಂಗಿಗೊಂದು ಲೋಹದ ಬೀಗ ಜೊತೆಗಿರಬೇಕು.

ಓಡುವ ಕಾರನ್ನು ನಿಲ್ಲಿಸುವ ಪ್ರಶ್ನೆ

ಕದ್ದೊಯ್ಯುತ್ತಿರುವ ಕಾರನ್ನು ಫೋನಿನಿಂದಲೇ ನಿಲ್ಲಿಸಬಹುದೆಂದು ಕೆಲವು ಜಿಪಿಎಸ್ ಸಾಧನಗಳ ಮಾರಾಟಗಾರರು ಹೇಳುತ್ತಾರೆ. ಕೇಳಲು ಆಕರ್ಷಕವಾದರೂ ಈ ಸೌಲಭ್ಯದ ಬಗ್ಗೆ ಎಚ್ಚರ ಅಗತ್ಯ. ಹನೂರು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಹಿಮ್ಮುರಿ ತಿರುವಿನಲ್ಲಿ ಎಂಜಿನ್ ಹಠಾತ್ತನೆ ನಿಂತರೆ ಕಾರು ಹಿಂದಕ್ಕೆ ಜಾರುತ್ತದೆ. ಹಿಂದೆ ಬರುವ ಬಸ್ಸಿನಲ್ಲಿರುವವರು ಕಳ್ಳರಲ್ಲ. ಎಂಜಿನ್ನಿನ ನಿರ್ವಾತದಿಂದ ಬಲ ಪಡೆಯುವ ಬ್ರೇಕ್ ಇದ್ದರೆ ಒಂದೆರಡು ಒತ್ತಿಗೆ ಅದು ಗಟ್ಟಿಯಾಗುತ್ತದೆ. ಆಜ್ಞೆ ಯಾರೂ ಕೊಡದಿದ್ದರೂ, ಸಾಧನದ ಒಂದು ಕಳಪೆ ಬೆಸುಗೆ ಬಿಟ್ಟುಕೊಂಡರೆ ಫಲ ಇದೇ. ಆಗ ಕಾರಿನಲ್ಲಿರುವುದು ಮಾಲೀಕರ ಮನೆಮಂದಿ.

ಉಪಕರಣ ಕೆಟ್ಟಾಗ ಕಾರು ಓಡಬೇಕೋ ನಿಲ್ಲಬೇಕೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. 87ಎ ಬಳಸಿದರೆ ಉಪಕರಣ ಸತ್ತರೂ ಕಾರು ಓಡುತ್ತದೆ. ಆದರೆ ಕಳ್ಳನೂ ಅದರ ತಂತಿ ಕಿತ್ತು ಓಡಿಸಬಹುದು. 87 ಬಳಸಿದರೆ ಕಳ್ಳನಿಗೆ ಕಷ್ಟ. ಆದರೆ ಗ್ರಾಹಕವೇ ಸುರುಳಿಯನ್ನು ಸದಾ ಹಿಡಿದಿರುವ ಸಾಮಾನ್ಯ ಜೋಡಣೆಯಲ್ಲಿ ಅದು ಕೆಟ್ಟೊಡನೆ ಎಂಜಿನ್ ನಿಲ್ಲುತ್ತದೆ. ತನ್ನನ್ನು ತಾನೇ ಹಿಡಿದುಕೊಳ್ಳುವ ಜೋಡಣೆ ಈ ಇಕ್ಕಟ್ಟನ್ನು ಬಹುಪಾಲು ಬಿಡಿಸುತ್ತದೆ: ಕಾರು ಹೊರಟ ಮೇಲೆ ಗ್ರಾಹಕ ಕೆಟ್ಟರೂ ಎಂಜಿನ್ ನಡೆಯುತ್ತದೆ, ನಿಂತ ಕಾರು ಮಾತ್ರ ಹೊರಡುವುದಿಲ್ಲ. ರಿಲೇಯೇ ಕೆಟ್ಟರೆ ದಾರಿಯಲ್ಲಿ ಸಿಲುಕದಂತೆ 30 ಮತ್ತು 87ನ್ನು ನೇರ ಕೂಡಿಸುವ ಒಂದು ತುಂಡು ತಂತಿಯನ್ನು ಕಾರಿನಲ್ಲಿ ಇಟ್ಟಿರಬೇಕು.

ಅಳವಡಿಕೆಯಲ್ಲಿ ಗಮನಿಸಬೇಕಾದವು

ಮೊದಲು ಬ್ಯಾಟರಿಯ ಒಡಲು ಸಂಪರ್ಕವನ್ನು ಬಿಚ್ಚಬೇಕು. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಒಡಲಿಗೆ ಸೇರಿರುತ್ತದೆ. ಇಂದಿನ ಗ್ರಾಹಕಗಳು ಋಣ ತುದಿ ಒಡಲಿಗೆ ಸೇರಿದೆಯೆಂದು ಭಾವಿಸಿ ತಯಾರಾದವು. ನೋಡದೆ ಜೋಡಿಸಿದರೆ ಆ ಕ್ಷಣವೇ ಸುಡುತ್ತವೆ. ಲ್ಯೂಕಾಸ್ ಪದ್ಧತಿಯಲ್ಲಿ ಕೀಲಿಯಿಂದ ಕಾಯಿಲ್‌ಗೆ ಹೋಗುವ ತಂತಿ ಬಿಳಿ, ಕಾಯಿಲಿನಿಂದ ಪಾಯಿಂಟಿಗೆ ಹೋಗುವುದು ಬಿಳಿಯ ಮೇಲೆ ಕಪ್ಪು ಗೆರೆ. ಆದರೆ ಐವತ್ತು ವರ್ಷದ ಎಣ್ಣೆ ಧೂಳಿನಲ್ಲಿ ಎಲ್ಲ ತಂತಿಗಳೂ ಒಂದೇ ಬಣ್ಣಕ್ಕೆ ತಿರುಗಿರುವುದರಿಂದ ಪರೀಕ್ಷಾ ದೀಪವನ್ನೇ ನಂಬಬೇಕು. ತಂತಿ ಕನಿಷ್ಠ 1.5 ಚದರ ಮಿಲಿಮೀಟರ್ ಇರಲಿ. ಸುರುಳಿ ಬಿಡುವಾಗ ಹುಟ್ಟುವ ಮರುವೋಲ್ಟೇಜು ಗ್ರಾಹಕಕ್ಕೆ ತಟ್ಟದಂತೆ 85 ಮತ್ತು 86ರ ನಡುವೆ ಇನ್ನೊಂದು ಡಯೋಡ್ ಬೇಕು. ಗ್ರಾಹಕದ ತಂತಿಗೆ ಪ್ರತ್ಯೇಕ ಸಣ್ಣ ಫ್ಯೂಸ್ ಇರಬೇಕು. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಕೀಲುಗಳು ಎಂಜಿನ್ನಿನ ನಡುಕಕ್ಕೆ ಸಡಿಲವಾಗುತ್ತವೆ. ಗದ್ದೆಯ ಪಕ್ಕದ ಶೆಡ್ಡುಗಳಲ್ಲಿ ಇಲಿಗಳ ಕಾಟವೂ ಉಂಟು, ಕೊಳವೆ ಹೊದಿಸಿದ ತಂತಿ ಮೇಲು.

ರಿಮೋಟುಗಳಲ್ಲಿ ಬಹಳಷ್ಟು 433 ಮೆಗಾಹರ್ಟ್ಸ್ ತರಂಗವನ್ನು ಬಳಸುತ್ತವೆ. ಪ್ರತಿ ಬಾರಿಯೂ ಒಂದೇ ಸಂಕೇತ ಕಳಿಸುವ ಅಗ್ಗದ ರಿಮೋಟನ್ನು ಇನ್ನೊಂದು ಸಾಧನ ನಕಲು ಮಾಡಬಲ್ಲದು. ಒತ್ತಿದಾಗಲೆಲ್ಲ ಸಂಕೇತ ಬದಲಾಗುವುದನ್ನು ಆರಿಸುವುದು ಕ್ಷೇಮ.

ಕಾನೂನು ಮತ್ತು ವಿಮೆ

ಭಾರತದಲ್ಲಿ 2021ರ ಜುಲೈಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಂತಹ ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ, ಒಡಲಿಗೆ ರಂಧ್ರ ಕೊರೆಯದೆ, ಕಾಯಿಲ್ ತುದಿಯಲ್ಲಿ ಸಿಕ್ಕಿಸಿ ತೆಗೆಯಬಹುದಾದ ಜೋಡಣೆ ಮಾಡುವುದು ಒಳಿತು. ಕಳ್ಳತನ ನಿರೋಧಕ ಸಾಧನಕ್ಕೆ ಭಾರತದ ಮೋಟಾರು ವಿಮಾ ದರಪಟ್ಟಿಯು ಶೇಕಡ 2.5ರಷ್ಟು, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿಯನ್ನು ಸೂಚಿಸಿತ್ತು. ಅದು ಪುಣೆಯ ಎ.ಆರ್.ಎ.ಐ. ಸಂಸ್ಥೆ ಅನುಮೋದಿಸಿದ ಸಾಧನಗಳಿಗೆ ಮಾತ್ರ. ಊರಿನ ಎಲೆಕ್ಟ್ರಿಷಿಯನ್ ಕೂಡಿಸಿಕೊಟ್ಟ ರಿಲೇಗೆ ಅನ್ವಯಿಸುವುದಿಲ್ಲ.