ಕೊಡ ಯಾರದು? ಮಿಷನ್ ಶಾಲೆಯ ಧರ್ಮೋಪದೇಶ ಮತ್ತು ಕೇರಿಯ ಮಕ್ಕಳು

ಮೊದಲ ಪಿರಿಯಡ್ಡಿನ ಗಂಟೆ ಹೊಡೆದ ಕೂಡಲೇ ನಮ್ಮ ಶಾಲೆಯ ಮಕ್ಕಳು ಎರಡು ಸಾಲಾಗುತ್ತಿದ್ದರು. ಕ್ರೈಸ್ತರ ಮಕ್ಕಳು ಧರ್ಮೋಪದೇಶಕ್ಕೆ ನನ್ನ ಕೋಣೆಗೆ. ಉಳಿದವರು ನೀತಿಪಾಠಕ್ಕೆ ಪಕ್ಕದ ಕೋಣೆಗೆ. ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನ ಅನುದಾನಿತ ಪ್ರೈಮರಿ ಶಾಲೆ ಅದು. ಇಪ್ಪತ್ತಾರು ವರ್ಷ ಆ ಪಿರಿಯಡ್ಡು ನನ್ನದಾಗಿತ್ತು. ನಾನೂ ಕೇರಿಯವನೇ, ನನ್ನ ತಾತ ಪಾದ್ರಿಗಳ ಕೈಯಲ್ಲಿ ದೀಕ್ಷಾಸ್ನಾನ ಪಡೆದವನು. ದಲಿತ ವಿಮರ್ಶೆ ಅಂದ ಕೂಡಲೇ ನಾವು ಕಾವ್ಯ, ಕತೆ, ಕಾದಂಬರಿಗಳ ಕಡೆ ತಿರುಗುತ್ತೇವೆ. ಆದರೆ ಕೇರಿಯ ಎಷ್ಟೋ ಮಕ್ಕಳಿಗೆ ಮೊದಲು ಎದುರಾಗುವ ಕತೆ ಈ ಪಿರಿಯಡ್ಡಿನದು. ಅದನ್ನು ಹೇಗೆ ಓದಿಸುತ್ತೇವೆ ಎಂಬುದೂ ವಿಮರ್ಶೆಯ ಪ್ರಶ್ನೆಯೇ.

ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಧರ್ಮೋಪದೇಶದಲ್ಲಿ ಮೊದಲ ಎರಡು ವರ್ಷ ಶಿಲುಬೆಯ ಗುರುತು, ಪರಲೋಕ ಮಂತ್ರ, ನಮೋ ಮರಿಯಾ ಬಾಯಿಪಾಠ. ಮೂರು, ನಾಲ್ಕನೇ ಕ್ಲಾಸಿನಲ್ಲಿ ದಶಾಜ್ಞೆ, ಪಾಪನಿವೇದನೆ, ಮೊದಲ ಪರಮಪ್ರಸಾದದ ತಯಾರಿ. ಆಮೇಲೆ ಬೈಬಲಿನ ಕತೆಗಳು. ವಿಧಾನ ಪ್ರಶ್ನೋತ್ತರದ್ದು. ಪ್ರಶ್ನೆಯೂ ಪುಸ್ತಕದ್ದೇ, ಉತ್ತರವೂ ಪುಸ್ತಕದ್ದೇ; ಮಗುವಿನದು ಬಾಯಿ ಮಾತ್ರ. ಪಕ್ಕದ ಕೋಣೆಯ ನೀತಿಪಾಠದಲ್ಲಿ ದೇವರ ಹೆಸರು ಕಡಿಮೆ. ಸತ್ಯ, ಶಿಸ್ತು, ಶುಚಿತ್ವ ಜಾಸ್ತಿ. ಎರಡು ಕೋಣೆಗಳಲ್ಲಿ ಯಾವುದರಲ್ಲೂ ಜಾತಿ ಎಂಬ ಮಾತು ಇರಲಿಲ್ಲ.

ಹೀಗೆ ಎರಡು ಸಾಲು ಮಾಡುವುದಕ್ಕೆ ಕಾನೂನಿನ ಕಾರಣವಿದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಾಡಬಹುದು. ಆದರೆ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಅದಕ್ಕೆ ಕೂರಿಸುವಂತಿಲ್ಲ. ಇದು ಒಳ್ಳೆಯ ಕಾನೂನು. ಕಷ್ಟ ಇರುವುದು ಸಾಲು ಎಲ್ಲಿ ಒಡೆಯುತ್ತದೆ ಎಂಬಲ್ಲಿ. ನಮ್ಮಲ್ಲಿ ಅದು ಒಡೆಯುತ್ತಿದ್ದದ್ದು ಕೇರಿಯ ನಡುಮಧ್ಯೆ. ಅಣ್ಣನ ಮಗ ಈ ಸಾಲಿಗೆ, ತಮ್ಮನ ಮಗ ಆ ಸಾಲಿಗೆ.

ಒಂದು ಜೂನ್ ತಿಂಗಳಲ್ಲಿ ಒಬ್ಬಳು ತಾಯಿ ಮಗಳನ್ನು ಸೇರಿಸಲು ಬಂದಳು. ಭಾನುವಾರ ಪೂಜೆಗೆ ತಪ್ಪದೆ ಬರುವ ಹೆಂಗಸು. ರಿಜಿಸ್ಟರಿನಲ್ಲಿ 'ಹಿಂದೂ, ಆದಿ ಕರ್ನಾಟಕ' ಎಂದೇ ಬರೆಸಿದಳು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಮೇಷ್ಟ್ರೇ, ಪುಸ್ತಕದಾಗೆ ಬರೀಬ್ಯಾಡಿ. ಬಾಯಾಗೆ ಕಲಿಸ್ಕೊಡಿ."

ಅವಳನ್ನು ಕಪಟಿ ಅನ್ನುವವರಿದ್ದಾರೆ. ನಾನು ಅನ್ನಲಾರೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. ಧರ್ಮದ ಈ ಷರತ್ತನ್ನೇ ತೆಗೆಯಬೇಕೆಂದು ರಂಗನಾಥ ಮಿಶ್ರ ಆಯೋಗ 2007ರ ವರದಿಯಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆಗೆ ಬಾಲಕೃಷ್ಣನ್ ಆಯೋಗವನ್ನೂ ನೇಮಿಸಿದರು. ದೇವರು ಬದಲಾದರೆ ಜಾತಿ ಹೋಯಿತು ಅನ್ನುತ್ತದೆ ಸರ್ಕಾರದ ಕಾಗದ. ಹೋಟೆಲಿನ ಲೋಟ ಹಾಗೆ ಅನ್ನಲಿಲ್ಲ. ಆ ಎರಡರ ಮಧ್ಯೆ ಆ ತಾಯಿ ಮಗಳ ಸ್ಕಾಲರ್‌ಶಿಪ್ಪನ್ನೂ ಉಳಿಸಬೇಕಾಗಿತ್ತು, ಯೇಸುಸ್ವಾಮಿಯನ್ನೂ ಉಳಿಸಿಕೊಳ್ಳಬೇಕಾಗಿತ್ತು. ಕಾಗದದ ಪ್ರಕಾರ ಆ ಹುಡುಗಿ ನೀತಿಪಾಠದವಳು. ತಾಯಿಯ ಒಪ್ಪಿಗೆಯ ಪ್ರಕಾರ ನನ್ನವಳು. ನಾನು ಬಾಯಲ್ಲಿ ಕಲಿಸಿದೆ.

ಮಿಷನ್ ಶಾಲೆಗಳ ಋಣ ಮರೆತು ಈ ಮಾತು ಆಡುತ್ತಿಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಒಬ್ಬನಿಗೆ ಬಾಗಿಲು ತೆಗೆದರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಭಯ ಆಳುವವರಿಗೆ. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಸಂಗವನ್ನು ಎತ್ತಿ ಹೇಳಿದ್ದಾರೆ. ಇಂಥ ನಾಡಿನಲ್ಲಿ ನನ್ನ ಅಪ್ಪನಿಗೆ ಸ್ಲೇಟು ಕೊಟ್ಟದ್ದು ಮಿಷನ್ ಶಾಲೆ. ಆದರೆ ಬಾಗಿಲು ತೆಗೆದ ಮಾತ್ರಕ್ಕೆ ಪಾಠವೂ ತೆರೆಯಿತು ಅಂತಲ್ಲ.

ಇದು ನನಗೆ ತಿಳಿದದ್ದು ಸಮಾರ್ಯದ ಹೆಂಗಸಿನ ಕತೆಯಿಂದ. ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಬರುತ್ತದೆ. ನಡುಮಧ್ಯಾಹ್ನ, ಯಕೋಬನ ಬಾವಿ. ದಣಿದು ಕೂತ ಯೇಸು ನೀರು ಸೇದಲು ಬಂದ ಸಮಾರ್ಯದವಳನ್ನು ನೀರು ಕೇಳುತ್ತಾನೆ. ಯೆಹೂದ್ಯನಾಗಿ ನೀನು ನನ್ನ ಹತ್ತಿರ ಕೇಳುವುದೇ ಎಂದು ಅವಳಿಗೆ ಆಶ್ಚರ್ಯ. ಇಬ್ಬರ ಜನಕ್ಕೂ ಬಳಕೆಯಿಲ್ಲ. ನನ್ನ ಕೈಪಿಡಿಯಲ್ಲಿ ಕತೆಯ ಕೊನೆಗಿದ್ದ ಪ್ರಶ್ನೆ: ಈ ಕತೆಯಿಂದ ಯಾವ ಗುಣ ಕಲಿಯುತ್ತೇವೆ? ಉತ್ತರ: ಕ್ಷಮೆ. ವರ್ಷಗಟ್ಟಲೆ ಹಾಗೇ ಒಪ್ಪಿಸಿದ್ದೆ.

ಒಂದು ವರ್ಷ ಕೈಪಿಡಿ ಮುಚ್ಚಿಟ್ಟು ನಾನೇ ಕೇಳಿದೆ: ಅವಳು ಉರಿಬಿಸಿಲಲ್ಲಿ ಒಬ್ಬಳೇ ಯಾಕೆ ಬಂದಳು? ಆ 'ಬಾಯಾಗೆ ಕಲಿಸ್ಕೊಡಿ' ತಾಯಿಯ ಮಗಳು ಥಟ್ಟನೆ ಅಂದಳು: "ಬೆಳಿಗ್ಗೆ ವೋದ್ರೆ ಅವ್ರು ಇರ್ತಾರೆ ಸಾ. ಬೈತಾರೆ."

ಇದು ಗ್ರಂಥಕ್ಕೆ ಪೂರ್ತಿ ಒಗ್ಗುವುದಿಲ್ಲ. ಬಾವಿ ಅವಳ ಊರಿನದೇ. ಹೊರಗಿನಿಂದ ಬಂದವನು ಯೇಸು. ಆದರೆ ನಡತೆ ಕೆಟ್ಟವಳು, ನಾಚಿಕೆಗೆ ಒಬ್ಬಳೇ ಬಂದಳು ಎಂಬ ಕೈಪಿಡಿಯ ವಿವರಣೆಯೂ ಗ್ರಂಥದಲ್ಲಿಲ್ಲ. ಅದು ಉಪದೇಶಿಗಳ ಊಹೆ. ಇದು ಬಿಂದಿಗೆ ಹೊತ್ತವಳ ಅನುಭವ. ಯಾವುದನ್ನು ಪಾಠ ಅನ್ನಬೇಕು, ಯಾವುದನ್ನು ತಪ್ಪು ಅನ್ನಬೇಕು?

ಆಮೇಲೆ ಇನ್ನೊಂದು ಪ್ರಶ್ನೆ ಸೇರಿಸಿದೆ: ಸೇದುವ ಕೊಡ ಯಾರದು? ಅವನ ಹತ್ತಿರ ಕೊಡವಿರಲಿಲ್ಲ. ಕುಡಿಯಬೇಕಾದರೆ ಅವಳದರಲ್ಲೇ ಕುಡಿಯಬೇಕು. ನಮ್ಮೂರಲ್ಲಿ ನಾವು ಬೊಗಸೆ ಒಡ್ಡಿದೆವು, ಅವರು ಮೇಲಿನಿಂದ ಹುಯ್ದರು. ಇಲ್ಲಿ ಒಡ್ಡಿದವನು ಅವನು. ಇಷ್ಟು ತಿಳಿದರೆ ಕತೆ ಕ್ಷಮೆಯದಲ್ಲ, ಮುಟ್ಟಿನದು ಎಂದು ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ.

ಇದು ನನ್ನೊಬ್ಬನ ತಲೆಹರಟೆಯಲ್ಲ. ಅರವಿಂದ ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆಗೆ ದಾರಿಯಾಯಿತು. ಚರ್ಚಿನೊಳಗೂ ಜಾತಿ ಭೇದವಿದೆ ಎಂದು ಭಾರತದ ಕಥೊಲಿಕ ಬಿಷಪ್ಪರ ಮಂಡಳಿ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು. ಪಂಡಿತರು ಆಡಿದ್ದು, ಬಿಷಪ್ಪರು ಒಪ್ಪಿದ್ದು ನಾಲ್ಕನೇ ಕ್ಲಾಸಿಗೆ ಇಳಿಯದಿದ್ದರೆ ಏನು ಬಂತು?

ನಿವೃತ್ತಿಗೆ ಮುಂಚಿನ ವರ್ಷ ಕೇರಿಯ ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಒಂದು ದಿನದ ಮಟ್ಟಿಗೆ ಎರಡು ಸಾಲಿನವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಈ ಕತೆ ಹೇಳಿದೆ. ಯಾರನ್ನೂ ಯಾವ ಧರ್ಮಕ್ಕೂ ಕರೆಯಲಿಲ್ಲ. ಬಾವಿಯ ಕತೆ ಹೇಳಿದೆ, ಅಷ್ಟೆ. ನೀತಿಪಾಠದ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: "ಆಮ್ಯಾಕೆ ಆ ಸಾಮಿ ಅವ್ರ ಕೇರೀಲಿ ಉಂಡ್ನಾ ಸಾ?"

ಕೈಪಿಡಿಯ ಕತೆ ಅಲ್ಲಿಯವರೆಗೆ ಹೋಗಿರಲಿಲ್ಲ. ಬೈಬಲ್ ತೆಗೆದು ಮುಂದೆ ಓದಿದೆ. ಊರಿನವರು ಕರೆದದ್ದಕ್ಕೆ ಅವನು ಎರಡು ದಿನ ಅಲ್ಲೇ ಉಳಿದ ಎಂದಿದೆ. ಹುಡುಗ ತಾನೇ ಲೆಕ್ಕ ಹಾಕಿದ: "ಎಲ್ಡು ದಿನ ಅಂದ್ರೆ ಉಂಡೇ ಇರ್ತಾನೆ ಬುಡಿ."