ಬಾಡಿಗೆ ತಿಂಗಳಿಗೊಮ್ಮೆ, ದುಡ್ಡು ಸೀಸನ್ನಿಗೊಮ್ಮೆ: ಬೆಟ್ಟದಪುರದಲ್ಲಿ ಮನೆ ಹುಡುಕುವವರ ಲೆಕ್ಕ

ಬೆಟ್ಟದಪುರದಲ್ಲಿ ಬಾಡಿಗೆ ಮನೆ ಹುಡುಕೋಕೆ ಆ್ಯಪ್ ಬೇಕಿಲ್ಲ. ಟೀ ಅಂಗಡಿಯಲ್ಲಿ ಒಂದು ಮಾತು ಹಾಕಿದರೆ, ಎಲ್ಲಿ ಮನೆ ಖಾಲಿ ಇದೆ ಅಂತ ಯಾರಾದರೂ ಹೇಳ್ತಾರೆ. ಕಷ್ಟ ಶುರುವಾಗೋದು ಬಾಗಿಲು ತಟ್ಟಿದ ಮೇಲೆ. ‘ಏನ್ ಕೆಲಸ ಮಾಡ್ತೀರಿ?’ ‘ಅಡ್ವಾನ್ಸ್ ಎಷ್ಟು ಕೊಡ್ತೀರಿ?’ ಆಮೇಲೆ ದನಿ ತಗ್ಗಿಸಿ, ‘ಯಾವ ಜನ ನೀವು?’

ಮೊದಲ ಪ್ರಶ್ನೆಯನ್ನೇ ತಗೊಳ್ಳಿ. ಪಿರಿಯಾಪಟ್ಟಣ, ಹುಣಸೂರು, ಎಚ್‌.ಡಿ. ಕೋಟೆ ಕಡೆ ಕೂಲಿ ಕುಟುಂಬಕ್ಕೆ ‘ಒಂದು ಕೆಲಸ’ ಅನ್ನೋದೇ ಇರಲ್ಲ. ಮಳೆಗಾಲದ ಮುಂಚೆ ಹೊಗೆಸೊಪ್ಪಿನ ಸಸಿ ನಾಟಿ, ಆಮೇಲೆ ಸೊಪ್ಪು ಮುರಿಯೋದು, ಬ್ಯಾರನ್‌ನಲ್ಲಿ ಬೇಯಿಸೋ ಕೆಲಸ. ಅದು ಮುಗಿದರೆ ಶುಂಠಿ ಹೊಲ, ಚಳಿಗಾಲದಲ್ಲಿ ಕೊಡಗಿನ ಕಾಫಿ ಕೊಯ್ಲು. ನಡುವೆ ವಾರಗಟ್ಟಲೆ ಏನೂ ಇಲ್ಲ. ತಂಬಾಕು ಮಂಡಳಿಯ ಹರಾಜು ನಡೆಯುವಾಗ ಊರಲ್ಲಿ ದುಡ್ಡು ಓಡಾಡುತ್ತೆ, ಹಳೇ ಕೂಲಿ ಬಾಕಿಯೂ ಆಗಲೇ ಸಿಗುತ್ತೆ. ಬೇಸಿಗೆಗೆ ಕೈ ಖಾಲಿ. ಮಕ್ಕಳ ಶಾಲೆ ಶುರುವಾಗೋ ಮುಂಚೆ ಜನ ಮನೆ ಬದಲಾಯಿಸೋದು ಅದೇ ಏಪ್ರಿಲ್-ಮೇ ತಿಂಗಳಲ್ಲಿ.

ವಸತಿ ನೀತಿಯ ಪುಸ್ತಕಗಳಲ್ಲಿ ಒಂದು ಸೂತ್ರವಿದೆ: ಮನೆಯ ಖರ್ಚು ಆದಾಯದ ಶೇ. 30 ದಾಟಬಾರದು. ಸರಿ, ಯಾವ ತಿಂಗಳ ಆದಾಯದ ಶೇ. 30? ಉದಾಹರಣೆಗೆ ಬಾಡಿಗೆ 3,000 ರೂಪಾಯಿ ಅಂತಿಟ್ಟುಕೊಳ್ಳಿ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ 370 ರೂ. ಅಂದರೆ ಬಾಡಿಗೆಯೊಂದಕ್ಕೇ ಎಂಟು ದಿನಕ್ಕಿಂತ ಹೆಚ್ಚು ದುಡಿಯಬೇಕು. ಸೊಪ್ಪಿನ ಸೀಸನ್ನಿನಲ್ಲಿ ಇದು ದೊಡ್ಡದಲ್ಲ. ಮಾರ್ಚ್ ಕಳೆದ ಮೇಲೆ ಅದೇ 3,000 ಬೆಟ್ಟದಷ್ಟು. ವರ್ಷದ ಲೆಕ್ಕದಲ್ಲಿ ಬಾಡಿಗೆ ಕಟ್ಟೋ ಶಕ್ತಿ ಇರೋ ಕುಟುಂಬವೂ ತಿಂಗಳ ಲೆಕ್ಕದಲ್ಲಿ ‘ಬಾಕಿದಾರ’ ಆಗೋದು ಹೀಗೆ.

ಅಡ್ವಾನ್ಸ್ ಇನ್ನೊಂದು ಗೋಡೆ. ಹತ್ತು ತಿಂಗಳ ಬಾಡಿಗೆಯನ್ನು ಒಂದೇ ಸಲ ಕೇಳಿದರೆ 30,000. ಕೂಡಿಟ್ಟಿದ್ದು ಇಲ್ಲದವರು ಸಂಘದಲ್ಲೋ ಮೈಕ್ರೋ ಫೈನಾನ್ಸ್‌ನಲ್ಲೋ ಸಾಲ ಎತ್ತಬೇಕು. ಅಲ್ಲಿ ಕಂತು ವಾರಕ್ಕೊಮ್ಮೆ! ವಸೂಲಿ ಕಿರುಕುಳ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳದಿದ್ದರೆ ಮನೆ ಮಾಲೀಕರ ಮುಂದೆ ಅದನ್ನು ಹಿಡಿದು ತೋರಿಸಿ ಉಪಯೋಗವಿಲ್ಲ.

ಜನ ತಾವೇ ಕಂಡುಕೊಂಡ ದಾರಿ ಭೋಗ್ಯ. ಒಂದು ದೊಡ್ಡ ಮೊತ್ತ ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರೋದು, ಬಿಡುವಾಗ ಪೂರ್ತಿ ವಾಪಸ್ ಪಡೆಯೋದು. ಚೀಟಿ ಎತ್ತಿದಾಗಲೋ ಒಡವೆ ಮಾರಿದಾಗಲೋ ಒಟ್ಟಿಗೆ ದುಡ್ಡು ಕಾಣೋರಿಗೆ ಇದು ತಿಂಗಳ ಬಾಡಿಗೆಗಿಂತ ಹೊಂದುತ್ತೆ. ನನ್ನ ಪ್ರಕಾರ ಇದು ಹಿಂದುಳಿದ ಪದ್ಧತಿ ಏನಲ್ಲ, ಜನರ ಆದಾಯದ ಕ್ರಮ ಗೊತ್ತಿರೋ ಪದ್ಧತಿ. ಅಪಾಯ ಇರೋದು ಕಾಗದದಲ್ಲಿ. ಮನೆಯ ಸ್ವಾಧೀನ ಕೊಟ್ಟು ಹಣ ಪಡೆಯೋದು ಕಾನೂನಿನ ದೃಷ್ಟಿಯಲ್ಲಿ ಅಡಮಾನಕ್ಕೆ ಹತ್ತಿರ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಮತ್ತು ಮೇಲ್ಪಟ್ಟ ಇಂಥ ಪತ್ರ ನೋಂದಣಿಯಾಗಬೇಕು. ನಮ್ಮಲ್ಲಿ ಲಕ್ಷಗಟ್ಟಲೆ ಹಣ ಬರೀ ಛಾಪಾ ಕಾಗದದ ಮೇಲೆ ಕೈ ಬದಲಾಗುತ್ತೆ. ಮಾಲೀಕರು ಆ ದುಡ್ಡನ್ನು ಮಗಳ ಮದುವೆಗೆ ಖರ್ಚು ಮಾಡಿಬಿಟ್ಟರೆ, ಅಥವಾ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದರೆ, ಕೊಟ್ಟವರು ವರ್ಷಗಟ್ಟಲೆ ಅಲೀಬೇಕು. ಕೊಡೋ ಮುಂಚೆ ಇ-ಸ್ವತ್ತು ದಾಖಲೆ, ಋಣಭಾರ ಪತ್ರ ನೋಡಿ. ಇ-ಸ್ವತ್ತೇ ಆಗದ ಮನೆಗೆ ದೊಡ್ಡ ಮೊತ್ತ ಹಾಕಬೇಡಿ.

ಸರ್ಕಾರ ಎಲ್ಲಿದೆ? ಇದೆ, ಆದರೆ ಮನೆ ಕಟ್ಟಿಸಿಕೊಳ್ಳೋರ ಜೊತೆ. ಬಸವ ವಸತಿ, ಅಂಬೇಡ್ಕರ್ ನಿವಾಸ್, ಪ್ರಧಾನಮಂತ್ರಿ ಆವಾಸ್ ಗ್ರಾಮೀಣ, ಎಲ್ಲದರ ಕೊನೆಯಲ್ಲೂ ಸ್ವಂತ ಮನೆಯೇ ಇದೆ, ಅದಕ್ಕೆ ಮೊದಲು ನಿವೇಶನ ಬೇಕು. ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರ ಪಾಡು ನೋಡಿ 2020ರಲ್ಲಿ ಕೇಂದ್ರ ಕೈಗೆಟುಕುವ ಬಾಡಿಗೆ ಮನೆಗಳ ಯೋಜನೆ ಘೋಷಿಸಿತು. ಅದು ನಗರಗಳಿಗೆ. ಬೆಟ್ಟದಪುರದಂಥ ಹೋಬಳಿ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಹಳ್ಳಿ, ಹಳ್ಳಿಯಲ್ಲಿ ಬಾಡಿಗೆದಾರರು ಇರಲ್ಲ ಅನ್ನೋ ನಂಬಿಕೆ. ಪಕ್ಕದ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣೆ ಹೊಲದ ಗೇಣಿದಾರನಿಗೆ ಒಡೆತನ ಕೊಟ್ಟಿತು. ಮನೆಯ ಬಾಡಿಗೆದಾರ ಇಂದಿಗೂ ಯಾವ ಪಟ್ಟಿಯಲ್ಲೂ ಇಲ್ಲ.

ಗ್ಯಾರಂಟಿಗಳು ಅಲ್ಪಸ್ವಲ್ಪ ನೆರವಾಗಿವೆ. ಗೃಹಲಕ್ಷ್ಮಿಯ 2,000 ರೂಪಾಯಿ ಕೆಲವು ಮನೆಗಳಲ್ಲಿ ನೇರ ಬಾಡಿಗೆಗೇ ಹೋಗುತ್ತೆ. ತಡವಾಗಿ ಎರಡು-ಮೂರು ಕಂತು ಒಟ್ಟಿಗೆ ಬಂದರೆ ಮತ್ತೆ ಅದೇ ಕತೆ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಸೌಲಭ್ಯ ಮೀಟರ್‌ಗೆ ಸೇರಿದ್ದು. ಒಂದೇ ಮೀಟರ್‌ನಲ್ಲಿ ಹಿಂದೆ-ಮುಂದೆ ಎರಡು ಮನೆ ಇದ್ದರೆ ಹಿಂದಿನವರಿಗೆ ಸಿಗಲ್ಲ. ಕರಾರು ಪತ್ರ ಕೊಡಲು ಮಾಲೀಕರು ಒಪ್ಪದಿದ್ದರೆ ಆ ವಿಳಾಸ ತಮ್ಮದು ಅಂತ ತೋರಿಸೋಕೂ ಪರದಾಟ.

ಮೂರನೇ ಪ್ರಶ್ನೆಗೆ ಬರೋಣ. ‘ಯಾವ ಜನ’ ಅಂತ ಕೇಳಿ, ದಲಿತರು ಅಥವಾ ಮುಸ್ಲಿಮರು ಅಂತ ಗೊತ್ತಾದ ಮೇಲೆ ‘ಮನೆ ಇಲ್ಲ’ ಅಂತ ಯಾರೂ ಹೇಳಲ್ಲ. ‘ನಿನ್ನೆಯಷ್ಟೇ ಕೊಟ್ಟುಬಿಟ್ವಿ’ ಅಂತಾರೆ. ಬಾಯಿಮಾತಿನ ನಿರಾಕರಣೆಗೆ ಸಾಕ್ಷಿ ಎಲ್ಲಿಂದ ತರೋದು? ಇರೋ ಕೆಲವೇ ಖಾಲಿ ಮನೆಗಳಲ್ಲಿ ಅರ್ಧದ ಬಾಗಿಲು ಹೀಗೆ ಮುಚ್ಚಿದರೆ, ಉಳಿದ ಮನೆಗಳ ಮಾಲೀಕರು ಕೇಳಿದ್ದೇ ಬೆಲೆ.

ಈಗ ಮಾಡಬಹುದಾದ್ದೇನು? ಬಾಡಿಗೆ ಪ್ರತಿ ತಿಂಗಳೇ ಕಟ್ಟಬೇಕು ಅಂತ ಯಾವ ಕಾನೂನೂ ಹೇಳಲ್ಲ. ಹರಾಜಿನ ತಿಂಗಳುಗಳಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಅಂತ ಕರಾರಿನಲ್ಲೇ ಬರೆಸಬಹುದು, ಅಡ್ವಾನ್ಸನ್ನು ಕಂತಿನಲ್ಲಿ ಕೊಡೋ ಷರತ್ತೂ ಹಾಕಿಸಬಹುದು. ಮಾಲೀಕರೂ ಹೆಚ್ಚಾಗಿ ಹೊಗೆಸೊಪ್ಪು ಬೆಳೆಯೋರೇ, ಅವರಿಗೂ ಈ ಲೆಕ್ಕ ಗೊತ್ತು. ಏನೂ ಬರೆಸಿಕೊಳ್ಳದೆ ಬಾಯಿಮಾತಿನಲ್ಲಿ ಇರೋರಿಗೆ ಒಂದು ವಿಷಯ: ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ, ಬಿಡಿಸಬೇಕಾದರೆ 15 ದಿನ ಮುಂಚೆ ಲಿಖಿತ ನೋಟಿಸ್ ಕೊಡಲೇಬೇಕು. ‘ನಾಳೆ ಬೆಳಗ್ಗೆ ಪಾತ್ರೆ-ಪಗಡಿ ಆಚೆ ಇಡ್ತೀನಿ’ ಅನ್ನೋರಿಗೆ ಇದನ್ನು ತೋರಿಸಿ.