ನಕಲಿನಲ್ಲಿ ಒಂದಾಗುವ ಪಪೈರಸ್ ಗ್ರಂಥ

ಬೈಬಲಿನ ಅತಿ ಹಳೆಯ ಹಸ್ತಪ್ರತಿಗಳ ಮಾತು ಬಂದಾಗಲೆಲ್ಲ ಒಂದು ಪುಟ್ಟ ತುಣುಕಿನ ಚಿತ್ರವನ್ನು ತೋರಿಸುವುದು ವಾಡಿಕೆ. ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿರುವ ಈ ಪಪೈರಸ್ ಚೂರಿನ ಎತ್ತರ 8.9 ಸೆಂಟಿಮೀಟರ್, ಅಗಲ 6 ಸೆಂಟಿಮೀಟರ್. ಒಂದು ವಿಸಿಟಿಂಗ್ ಕಾರ್ಡಿನಷ್ಟು ಎನ್ನಿ. ಬರ್ನಾರ್ಡ್ ಗ್ರೆನ್‌ಫೆಲ್ 1920ರಲ್ಲಿ ಈಜಿಪ್ಟಿನಲ್ಲಿ ಕೊಂಡುತಂದ ಇದರಲ್ಲಿರುವುದು ಯೋಹಾನನ ಸುವಾರ್ತೆ ಎಂದು ಗುರುತಿಸಿ 1935ರಲ್ಲಿ ಪ್ರಕಟಿಸಿದವರು ಕಾಲಿನ್ ರಾಬರ್ಟ್ಸ್.

ಇದರ ಪ್ರತಿಕೃತಿಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವವರಿದ್ದಾರೆ. ಹಾಗೆ ತೂಗಿದಾಗ ಮರೆಯಾಗುವುದು ತುಣುಕಿನ ಮುಖ್ಯ ಸಾಕ್ಷ್ಯವೇ. ಮುಂಬದಿಯಲ್ಲಿ 18ನೆಯ ಅಧ್ಯಾಯದ 31ರಿಂದ 33ನೆಯ ವಚನಗಳ ಅಳಿದುಳಿದ ಪದಗಳಿದ್ದರೆ, ಹಿಂಬದಿಯಲ್ಲಿ 37 ಮತ್ತು 38ನೆಯ ವಚನಗಳವು. ಒಂದೇ ಬರಹ ಎರಡೂ ಬದಿಗೆ ಮುಂದುವರಿದಿದೆ ಎಂದಮೇಲೆ ಇದು ಸುರುಳಿಯ ಚೂರಲ್ಲ, ಪುಸ್ತಕದ ಹಾಳೆ. ನಡುವೆ ಕಳೆದುಹೋದ ವಚನಗಳನ್ನು ಅಳೆದು, ಪುಟಕ್ಕೆ 18 ಸಾಲು, ಇಡೀ ಸುವಾರ್ತೆಗೆ ಸುಮಾರು 130 ಪುಟ ಎಂದು ಲೆಕ್ಕ ಹಾಕಿದ್ದಾರೆ. ಒಂದೇ ಬದಿಯ ನಕಲಿನಿಂದ ಈ ಲೆಕ್ಕ ಹುಟ್ಟದು.

ನಕಲು ಎಂದರೆ ಅಸಲಿಗಿಂತ ಕೀಳು ಎಂಬ ಭಾವನೆ ನಮ್ಮಲ್ಲಿದೆ. ಪಪೈರಸ್ ಗ್ರಂಥಗಳ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ಕೆಲವು ಪುಸ್ತಕಗಳು ಪುಸ್ತಕವಾಗಿ ಕಾಣಿಸುವುದೇ ನಕಲಿನಲ್ಲಿ.

ವಿದ್ವಾಂಸರು 'ಪಿ 46' ಎಂದು ಕರೆಯುವ ಪೌಲನ ಪತ್ರಗಳ ಗ್ರಂಥವನ್ನೇ ನೋಡಿ. ಕ್ರಿ.ಶ. 200ರ ಆಸುಪಾಸಿನದೆಂದು ಸಾಮಾನ್ಯವಾಗಿ ಹೇಳಲಾಗುವ ಇದನ್ನು ಈಜಿಪ್ಟಿನ ಹಳೆವಸ್ತು ವ್ಯಾಪಾರಿಗಳು 1930ರ ದಶಕದ ಆರಂಭದಲ್ಲಿ ಬಿಡಿಬಿಡಿಯಾಗಿ ಮಾರಿದರು. ಉಳಿದಿರುವ 86 ಎಲೆಗಳಲ್ಲಿ 56 ಗಣಿ ಉದ್ಯಮಿ ಚೆಸ್ಟರ್ ಬೀಟಿ ಅವರ ಕೈಸೇರಿ ಇಂದು ಡಬ್ಲಿನ್ನಿನಲ್ಲಿವೆ. 30 ಎಲೆಗಳು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿವೆ. ಎರಡೂ ಕಡೆಯ ಪಠ್ಯವನ್ನು ಕೂಡಿಸಿ ಫ್ರೆಡರಿಕ್ ಕೆನ್ಯನ್ 1936ರಲ್ಲಿ ಅಚ್ಚುಹಾಕಿಸಿದರು; ಮರುವರ್ಷ ಚಿತ್ರಪುಟಗಳ ಸಂಪುಟವೂ ಬಂತು. ನಡುವೆ ಅಟ್ಲಾಂಟಿಕ್ ಸಾಗರವಿರುವ ಎಲೆಗಳು ಸರದಿಯಂತೆ ಅಕ್ಕಪಕ್ಕ ಕೂರುವುದು ಚಿತ್ರಗಳನ್ನು ಜೋಡಿಸಿದಾಗಲೇ.

ಜೋಡಿಸಿದಾಗ ಲಿಪಿಕಾರನ ಪೇಚಾಟ ಬಯಲಾಗುತ್ತದೆ. ಶಾಲಾ ಮಕ್ಕಳ ನೋಟ್‌ಬುಕ್ಕಿನಂತೆ 52 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಒಮ್ಮೆ ಮಡಿಸಿ ಈ ಪುಸ್ತಕ ಕಟ್ಟಿದ್ದಾರೆ: 104 ಎಲೆ, 208 ಪುಟ. ಇಂಥ ಪುಸ್ತಕಕ್ಕೆ ಎಷ್ಟು ಹಾಳೆ ಬೇಕೆಂದು ಬರೆಯುವ ಮೊದಲೇ ಅಂದಾಜು ಮಾಡಿರಬೇಕು. ಅಂದಾಜು ತಪ್ಪಿತೆಂದು ತೋರುತ್ತದೆ. ಆರಂಭದಲ್ಲಿ ಪುಟಕ್ಕೆ ಸುಮಾರು 26 ಸಾಲು ಬರೆಯುತ್ತಿದ್ದವನು ಅರ್ಧ ದಾಟಿದ ಮೇಲೆ ಸಾಲುಗಳನ್ನು ಒತ್ತೊತ್ತಾಗಿಸಿ 30ರವರೆಗೂ ಹೋಗುತ್ತಾನೆ. ಮುದ್ರಿತ ಪಠ್ಯವನ್ನಷ್ಟೇ ಓದುವವರಿಗೆ ಈ ಅವಸರ ತಿಳಿಯುವುದೇ ಇಲ್ಲ.

ಕಳೆದುಹೋದ ಎಲೆಗಳದ್ದೂ ಒಂದು ಕ್ರಮವಿದೆ. ಹೊರಗಿನ ಏಳು ಹಾಳೆ ಹೋದುದರಿಂದ ಮೊದಲಿನ ಏಳು ಎಲೆಗಳ ಜೊತೆಗೆ ಕೊನೆಯ ಏಳೂ ಹೋಗಿವೆ. ಉಳಿದ ಭಾಗ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ನಿಲ್ಲುತ್ತದೆ. ಆಮೇಲಿನ 14 ಪುಟಗಳಲ್ಲಿ ಏನಿತ್ತು? ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳು ನಿಜವಾಗಿ ಪೌಲನವೇ ಎಂಬ ಹಳೆಯ ವಾದದಲ್ಲಿ ಈ ಪ್ರಶ್ನೆಗೆ ಬೆಲೆಯಿದೆ. ಅವೆಲ್ಲ ಅಷ್ಟು ಜಾಗದಲ್ಲಿ ಹಿಡಿಸವು. ಆದ್ದರಿಂದ ಲಿಪಿಕಾರ ಅವನ್ನು ಸೇರಿಸಿಯೇ ಇರಲಿಲ್ಲ ಎಂದು ಹಲವರು ಹೇಳುತ್ತಾರೆ. ಸೇರಿಸಬೇಕೆಂದೇ ಸಾಲು ಒತ್ತಿದ, ಬೇಕಾದರೆ ಕೊನೆಗೆ ಹಾಳೆ ಅಂಟಿಸಬಹುದಿತ್ತು ಎಂದು ಜೆರೆಮಿ ಡಫ್ 1998ರಲ್ಲಿ ವಾದಿಸಿದರು. ವಾದ ಮುಗಿದಿಲ್ಲ. ಖಾಲಿ ಕಾಗದ ಮಡಿಸಿ ಮಾದರಿ ಮಾಡಿಕೊಂಡರೆ ಅದನ್ನು ಯಾರೂ ಹಿಂಬಾಲಿಸಬಹುದು.

ಪ್ರತಿಕೃತಿಗಳು ಬರುಬರುತ್ತ ಪಪೈರಸ್ಸಿನ ಮೇಲೆಯೇ ತಯಾರಾಗತೊಡಗಿದವು. ಜೊಂಡಿನ ಕಾಂಡದ ತಿರುಳನ್ನು ಪಟ್ಟಿಗಳಾಗಿ ಸೀಳಿ, ಒಂದು ಪದರವನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಇಟ್ಟು ಒತ್ತಿ ಒಣಗಿಸಿದರೆ ಪಪೈರಸ್ ಹಾಳೆ. ನಮ್ಮ ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ತೀಡಬೇಕು. ಇಲ್ಲಿ ಜೊಂಡಿನ ಲೇಖನಿಯಿಂದ ನೇರವಾಗಿ ಶಾಯಿಯಲ್ಲಿ ಬರೆಯುವುದು. ಈಜಿಪ್ಟಿನಲ್ಲಿ ಮರೆತೇಹೋಗಿದ್ದ ಈ ಕಸುಬನ್ನು 1960ರ ದಶಕದಲ್ಲಿ ಮತ್ತೆ ಜೀವಂತಗೊಳಿಸಿದವರು ಎಂಜಿನಿಯರ್ ಹಸನ್ ರಗಬ್. ಪ್ರವಾಸಿಗಳಿಗೆ ಬಾಳೆನಾರಿನ ಹಾಳೆಯನ್ನೂ ಪಪೈರಸ್ ಎಂದು ಮಾರುವುದುಂಟು, ಆ ಮಾತು ಬೇರೆ.

ನಕಲೆಂದು ಹೇಳಿಕೊಳ್ಳದ ನಕಲು ಏನು ಮಾಡೀತೆಂಬುದು 2012ರಲ್ಲಿ ಕಂಡಿತು. ಯೇಸುವಿಗೆ ಹೆಂಡತಿಯಿದ್ದಳೆಂದು ಸೂಚಿಸುವ ಕಾಪ್ಟಿಕ್ ಭಾಷೆಯ ಪಪೈರಸ್ ಚೂರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕರೆನ್ ಕಿಂಗ್ ಲೋಕದ ಮುಂದಿಟ್ಟರು. ಪರೀಕ್ಷೆಯಲ್ಲಿ ಪಪೈರಸ್ ಹಳೆಯದೇ ಎಂದು ಕಂಡಿತು. ಆದರೆ ಅದೇ ಒಡೆಯನಿಂದ ಬಂದ, ಅದೇ ಕೈಬರಹದ ಯೋಹಾನನ ಸುವಾರ್ತೆಯ ಇನ್ನೊಂದು ಚೂರನ್ನು ಕ್ರಿಶ್ಚಿಯನ್ ಆಸ್ಕೆಲ್ಯಾಂಡ್ 2014ರಲ್ಲಿ ನೋಡಿದಾಗ ಗುಟ್ಟು ರಟ್ಟಾಯಿತು. 1924ರಲ್ಲಿ ಹರ್ಬರ್ಟ್ ಥಾಮ್ಸನ್ ಅಚ್ಚುಹಾಕಿಸಿದ್ದ ಬೇರೊಂದು ಹಸ್ತಪ್ರತಿಯ ಆವೃತ್ತಿಯಲ್ಲಿ ಸಾಲು ಎಲ್ಲೆಲ್ಲಿ ಮುರಿದಿತ್ತೋ, ಒಂದು ಸಾಲು ಬಿಟ್ಟು ಒಂದರಂತೆ, ಚೂರಿನಲ್ಲೂ ಅಲ್ಲಲ್ಲೇ ಮುರಿದಿತ್ತು. ಹಳೆಯ ಪಪೈರಸ್ ಸಂಪಾದಿಸಿದ್ದ ಮೋಸಗಾರ ಅಚ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ನಕಲು ತೆಗೆದಿದ್ದ. ಚೂರು ಖೋಟಾ ಆಗಿರುವ ಸಂಭವವೇ ಹೆಚ್ಚೆಂದು ಕಿಂಗ್ 2016ರಲ್ಲಿ ಒಪ್ಪಿಕೊಂಡರು.